ಹುಲ್ಲಿಗೆ ಸೋಡಾ

ಅರಕಲಗೂಡು
3-1-2002

ಚಿರಂಜೀವಿ ಅರುಣನಿಗೆ,

ಹಂಸ ಮಿಸ್ ಬರೆಯುತ್ತಿದ್ದೇನೆ. ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ನಿನಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಹತ್ತನೇ ಕ್ಲಾಸಿನ ಅರ್ಧದಲ್ಲಿ ಎದ್ದುಹೋದವನನ್ನು ಮರೆತಿದ್ದೇನೆ ಅಂದುಕೊಳ್ಳಬೇಡ. ಹೋದ ತಿಂಗಳು ಹಾಸನದಲ್ಲಿ ನಿನ್ನ ಮೀನಿನ ಅಂಗಡಿಯ ಮುಂದೆ ನಿಂತಿದ್ದೆ. “ಈ ಮೀನಿಗೆ ರೋಗ ಐತೆ, ತಗೋಬೇಡಿ” ಎಂದು ನೀನು ಗಿರಾಕಿಗೆ ಹೇಳುತ್ತಿದ್ದೆ. ನಿನ್ನ ಮಾಲೀಕರು ಹಲ್ಲು ಕಡಿಯುತ್ತಿದ್ದರು. ಕೇಳಿದರೆ ನಿನ್ನನ್ನೇ ಕೇಳಬೇಕು ಅನ್ನಿಸಿತು.

ನಮ್ಮ ತಂದೆ ಚಲುವನಾರಾಯಣ ಅಯ್ಯಂಗಾರ್ಯರು ಇಲ್ಲಿಂದ ಎರಡು ಮೈಲಿ ದೂರದ ದೇವಸ್ಥಾನದಲ್ಲಿ ನಲವತ್ತು ವರ್ಷ ಅರ್ಚಕರಾಗಿದ್ದರು. ಅಲ್ಲಿಯ ಕೊಳದ ಮೆಟ್ಟಿಲುಗಳ ಸಂದಿಯಲ್ಲಿ, ನೀರಿನೊಳಗೇ ಬೆಳೆಯುವ ಒಂದು ಗಿಡವಿತ್ತು. ನಾವು ಮೆಟ್ಟಿಲ ಗಿಡ ಅನ್ನುತ್ತೇವೆ. ಅಪ್ಪ ದಿನವೂ ಅದನ್ನು ಕೈಯಿಂದ ಸರಿಸಿ ದೇವರ ಕೊಡ ಮುಳುಗಿಸುತ್ತಿದ್ದರು. ಹೋದ ವರ್ಷ ದೇವಸ್ಥಾನದ ಸಮಿತಿಯವರು ಕೊಳ ಬರಿದು ಮಾಡಿಸಿ ತಳಕ್ಕೆ ಸಿಮೆಂಟು ಹಾಕಿಸಿದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಅಪ್ಪ ಕೆಸರಿಗಿಳಿದು ಒಂಬತ್ತು ಗಿಡ ಕಿತ್ತು ತಂದರು. ಸುತ್ತಲಿನ ಕೆರೆ, ನಾಲೆಗಳನ್ನೆಲ್ಲ ನಾನು ಹುಡುಕಿದೆ. ಬೇರೆಲ್ಲೂ ಇಲ್ಲ. ಇರುವುದು ಈ ಒಂಬತ್ತೇ.

ಮೂರಡಿ ಗಾಜಿನ ತೊಟ್ಟಿಯಲ್ಲಿ, ಕೊಳದ್ದೇ ಕೆಲವು ಸಣ್ಣ ಮೀನುಗಳ ಜೊತೆ ಇಟ್ಟಿದ್ದೇನೆ. ಗುಳ್ಳೆ ಬಿಡುವ ಪಂಪು, ಮರಳಿನ ಕೆಳಗೆ ಜಾಲರಿಯ ಫಿಲ್ಟರು ಹಾಕಿಸಿದ್ದೇನೆ. ಆದರೂ ಎಲೆಗಳು ಸಣ್ಣಗಾಗುತ್ತಿವೆ, ಮೇಲೆಲ್ಲ ಪಾಚಿ. ಅಪ್ಪನಿಗೆ ಈಗ ಕಣ್ಣು ಮಬ್ಬು. ದಪ್ಪ ಅಕ್ಷರವಾದರೆ ಓದುತ್ತಾರೆ, ಕಾಗದಗಳನ್ನು ನಾನೇ ಓದಿ ಹೇಳಬೇಕು. ದಿನವೂ ನೀರಿಗೆ ಕೈಯಿಟ್ಟು ಎಲೆ ಮುಟ್ಟಿ, “ಬಡವಾಗಿದೆಯಲ್ಲಮ್ಮಾ” ಅನ್ನುತ್ತಾರೆ.

ಏನು ಮಾಡಬೇಕು, ತಿಳಿಸು.

ಹಂಸ


ಹಾಸನ
9-1-2002

ಹಂಸ ಮಿಸ್ ಅವರಿಗೆ ನಮಸ್ಕಾರಗಳು.

ನೀವು ಬರೆಯುತ್ತೀರೆಂದು ಅಂದುಕೊಂಡಿರಲಿಲ್ಲ. ನಿಮ್ಮ ಗಿಡ ಬಡವಾಗಿರುವುದು ನಿಮ್ಮ ಫಿಲ್ಟರಿನಿಂದ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಅಂಗಡಿಯಲ್ಲೂ ಎಲ್ಲರಿಗೂ ಅದನ್ನೇ ಮಾರುತ್ತೇವೆ. ಮೀನಿಗೆ ಅದು ಸರಿ, ಗಿಡಕ್ಕಲ್ಲ. ಗಿಡ ಉಸಿರಿಗೆ ಎಳೆದುಕೊಳ್ಳುವ ಗಾಳಿ ನೀರಿನಲ್ಲಿ ಕರಗಿರಬೇಕು. ಸೋಡಾ ಬಾಟಲಿ ಅಲ್ಲಾಡಿಸಿದರೆ ಗ್ಯಾಸೆಲ್ಲ ಹೊರಗೆ ಹೋಗುತ್ತದಲ್ಲ, ನಿಮ್ಮ ಪಂಪು ಹಗಲೂ ರಾತ್ರಿ ಅದೇ ಕೆಲಸ ಮಾಡುತ್ತಿದೆ.

ಗಾಜಿನ ಅಂಚಿಗೆ ನೇತುಹಾಕುವ ಡಬ್ಬದ ಫಿಲ್ಟರು ಇದೆ. ಅದರಲ್ಲಿ ನೀರು ಮೇಲಿಂದ ಧುಮುಕುತ್ತದೆ, ಮತ್ತೆ ಅದೇ ಕಥೆ. ಬೇಕಾಗಿರುವುದು ಮುಚ್ಚಿದ ಡಬ್ಬದ್ದು. ತೊಟ್ಟಿಯ ಕೆಳಗೆ ಕೂತು, ಒಂದು ಪೈಪಿನಲ್ಲಿ ನೀರು ಎಳೆದು, ಸೋಸಿ, ಇನ್ನೊಂದರಲ್ಲಿ ಸದ್ದಿಲ್ಲದೆ ನೀರೊಳಗೇ ಬಿಡುವಂಥದ್ದು. ವಿದೇಶದ್ದು ಬೆಂಗಳೂರಿನಲ್ಲಿ ಸಿಗುತ್ತದಂತೆ, ನಾನು ನೋಡಿಲ್ಲ. ನಾನೇ ಒಂದು ಮಾಡಿಕೊಡುತ್ತೇನೆ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಕೂಲರಿನ ಪಂಪು, ಕುಕ್ಕರಿನ ರಬ್ಬರು ಸಾಕು. ಒಳಗೆ ಸ್ಪಂಜು, ಒಣಗಿದ ಹೀರೇಕಾಯಿ ನಾರು, ಹಳೇ ಹೆಂಚಿನ ಚೂರು.

ಗ್ಯಾಸಿಗೆ ಚನ್ನರಾಯಪಟ್ಟಣದಲ್ಲಿ ಸೋಡಾ ಮಾಡುವ ಬೈರಯ್ಯನವರನ್ನು ಕೇಳಿದ್ದೇನೆ. ಅವರ ಹತ್ತಿರ ಒಂದು ಸಣ್ಣ ಸಿಲಿಂಡರು ಸುಮ್ಮನೆ ಬಿದ್ದಿದೆ. ನಮ್ಮ ಮಾಲೀಕರು ಕೆಂಪಣ್ಣನವರಿಗೆ ಹೇಳಿದೆ. “ಏನ್ಲಾ, ಉಲ್ಲಿಗೆ ಸೋಡಾ ಕುಡಿಸ್ತೀಯಾ? ನಾಳಿಕೆ ಮೀನಿಗೆ ಬೀಡಿ ಸೇದ್ಸು” ಅಂದರು. ಸೋಮವಾರ ಅಂಗಡಿಗೆ ರಜ. 28ಕ್ಕೆ ಬರುತ್ತೇನೆ.

ಅರುಣ್‌ಕುಮಾರ್


ಅರಕಲಗೂಡು
16-1-2002

ಅರುಣನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಅಪ್ಪನಿಗೆ ಎರಡು ಸಲ ಓದಿದೆ. ಸೋಡಾದ ಮಾತಿಗೆ ಅವರು ನಕ್ಕಿದ್ದು ನೋಡಿ ನನಗೇ ಆಶ್ಚರ್ಯ. “ಆ ಹುಡುಗನ್ನ ಕರಿ. ಹುಲ್ಲಿಗೆ ಸೋಡಾ ಕುಡಿಸೋನ ಕೈ ಹೇಗಿದೆ ಮುಟ್ಟಿ ನೋಡ್ಬೇಕು” ಎಂದರು.

ನಿನ್ನ ಕಾಗದದಲ್ಲಿ ಒಂದು ವಿಷಯ ಗಮನಿಸಿದೆ. ಗಿಡ ಎಳೆದುಕೊಳ್ಳುವ ಅನಿಲದ ಹೆಸರನ್ನು ನೀನು ಒಂದು ಕಡೆಯೂ ಬರೆದಿಲ್ಲ. ಮರೆತೆಯಾ? ಇಂಗಾಲದ ಡೈಆಕ್ಸೈಡ್. ಕ್ಲಾಸಿನಲ್ಲೂ ನಿನಗೆ ಇದೊಂದು ಬರುತ್ತಿರಲಿಲ್ಲ!

ಹಂಸ


ಹಾಸನ
31-1-2002

ಮಿಸ್, ನಮಸ್ಕಾರ.

ಸೋಮವಾರ ನಿಮ್ಮ ಮನೆಯಲ್ಲಿ ಆತುರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ.

ಒಂದು, ಪಂಪಿನ ಒಳಗಿನ ಚಕ್ರದ ರೆಕ್ಕೆಗಳನ್ನು ಬ್ಲೇಡಿನಲ್ಲಿ ಸೀಳಿ ಬಾಚಣಿಗೆಯ ಹಾಗೆ ಮಾಡಿದ್ದೇನೆ. ಗ್ಯಾಸಿನ ನಳಿಕೆ ಅದರ ಬಾಯಿಗೇ ಹೋಗುತ್ತದೆ. ಚಕ್ರ ಗುಳ್ಳೆಗಳನ್ನು ಹೊಗೆಯಷ್ಟು ಸಣ್ಣಗೆ ಕತ್ತರಿಸುತ್ತದೆ. ಕೊರ್ ಎಂದು ಸದ್ದು ಬಂದರೆ ಡಬ್ಬದಲ್ಲಿ ಗ್ಯಾಸು ತುಂಬಿಕೊಂಡಿದೆ ಅಂತ, ಸ್ವಲ್ಪ ಓರೆ ಮಾಡಿ ಹೊರಗೆ ಬಿಡಿ.

ಎರಡು, ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಲೇಬೇಡಿ. ಅದರ ಕರೀ ಲೋಳೆಯಲ್ಲೇ ನೀರು ಶುದ್ಧ ಮಾಡುವ ಜೀವಗಳಿವೆ. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಒಂದು ಸಲ ಹಿಂಡಿದರೆ ಸಾಕು.

ಮೂರು, ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಆಗ ನೀರು ಹುಳಿಯಾಗಿ ಮೀನು ಸಾಯುತ್ತದೆ. ಹಗಲು ನೀವು ಸ್ಕೂಲಿನಲ್ಲಿರುತ್ತೀರಿ. ಅದಕ್ಕೇ ತೊಟ್ಟಿಯ ಮೇಲೆ ಅಯ್ನೋರಿಗೆ ಕಾಣುವಂತೆ ದಪ್ಪ ಅಕ್ಷರದಲ್ಲಿ ರಟ್ಟು ಬರೆದು ಅಂಟಿಸಿದ್ದು. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, “ಇದು ನನ್ನ ಜವಾಬ್ದಾರಿ, ನೀನು ನಿಶ್ಚಿಂತೆಯಿಂದ ಹೋಗು” ಎಂದರು.

ಅಯ್ನೋರು ಹಿಡಿದು ನೋಡಿದ ನನ್ನ ಕೈಯಲ್ಲಿ ಬಸ್‌ಸ್ಟ್ಯಾಂಡಿಗೆ ಬರುವವರೆಗೂ ನಿಮ್ಮ ಮನೆಯ ವಿಭೂತಿಯಲ್ಲ, ತೊಟ್ಟಿಯ ಕೆಸರಿನ ವಾಸನೆ ಇತ್ತು. ವಿಭೂತಿ ಹಚ್ಚುವವರಲ್ಲ ನೀವು ಅಂತ ಆಮೇಲೆ ನೆನಪಾಯಿತು. ತಪ್ಪು ತಿಳಿಯಬೇಡಿ, ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ.

ಅರುಣ್‌ಕುಮಾರ್


ಅರಕಲಗೂಡು
24-2-2002

ಅರುಣ,

ಒಂಬತ್ತೂ ಗಿಡಗಳಲ್ಲಿ ಹೊಸ ಎಲೆ. ಅಡಿಭಾಗ ಕೆಂಪಗೆ, ಕೊಳದಲ್ಲಿದ್ದಾಗ ಇದ್ದ ಹಾಗೇ. ಎಲೆಯ ಮೇಲೆ ಮುತ್ತಿನಂತೆ ಗುಳ್ಳೆ ಕೂರುತ್ತವೆ. ಅಪ್ಪನಿಗೆ ಕಾಣುವುದಿಲ್ಲ, ನಾನು ಎಣಿಸಿ ಹೇಳುತ್ತೇನೆ. ನಿನ್ನೆ ಅವರು ಎಲೆ ಮುಟ್ಟಿ, “ಇನ್ನು ಇದು ಕೊಳಕ್ಕೆ ವಾಪಸ್ ಹೋಗ್ಬೇಕು” ಎಂದರು. ತಳದ ಒಂದು ಮೂಲೆಯಲ್ಲಾದರೂ ಸಿಮೆಂಟು ಒಡೆದು ಮಣ್ಣು ಬಿಡಿ ಎಂದು ಸಮಿತಿಗೆ ಅರ್ಜಿ ಬರೆಸಿದ್ದಾರೆ. ಒಪ್ಪುವ ಜನವಲ್ಲ. ಆದರೂ ಬರೆದುಕೊಟ್ಟೆ.

ಶಾಲೆ ಬಿಟ್ಟವನೆಂದು ನಿನ್ನ ಬಗ್ಗೆ ಏನೇನೋ ಅಂದುಕೊಂಡಿದ್ದೆ. ಅದನ್ನು ವಾಪಸು ತೆಗೆದುಕೊಂಡಿದ್ದೇನೆ.

ಹಂಸ


ಹಾಸನ
8-3-2002

ಮಿಸ್ ಅವರಿಗೆ,

ತುರ್ತಾಗಿ ಬರೆಯುತ್ತಿದ್ದೇನೆ. ಹಾಸನದಲ್ಲಿ ಸೋಮವಾರದಿಂದ ಹಗಲು ಮೂರು ಮೂರು ಗಂಟೆ ಕರೆಂಟ್ ತೆಗೆಯುತ್ತಿದ್ದಾರೆ. ನಿಮ್ಮಲ್ಲೂ ತೆಗೆಯುತ್ತಿರಬೇಕು. ಗ್ಯಾಸಿನ ವಿಷಯ ಅಯ್ನೋರು ನೋಡಿಕೊಳ್ಳುತ್ತಾರೆ, ಅದು ಬಿಡಿ. ಇನ್ನೊಂದು ಇದೆ, ನಾನು ಮೊದಲೇ ಯೋಚಿಸಬೇಕಿತ್ತು. ಅಂಗಡಿಯಲ್ಲಿ ಅಂಥದೇ ಇನ್ನೊಂದು ಡಬ್ಬ ಮಾಡಿ ಓಡಿಸುತ್ತಿದ್ದೆ. ನಿನ್ನೆ ಕರೆಂಟ್ ಬಂದಾಗ ಅದರಿಂದ ಕೊಳೆತ ಮೊಟ್ಟೆಯ ವಾಸನೆಯ ನೀರು ಬಂತು. ಗಾಳಿ ಆಡದ ಮುಚ್ಚಿದ ಡಬ್ಬ ಅದು. ನೀರು ನಿಂತರೆ ಒಳಗಿನ ಜೀವಗಳು ಉಸಿರು ಕಟ್ಟಿ ಸಾಯುತ್ತವೆ. ಆ ವಿಷವೆಲ್ಲ ಕರೆಂಟ್ ಬಂದ ಕೂಡಲೇ ತೊಟ್ಟಿಗೆ ಹೋಗುತ್ತದೆ.

ಗ್ಯಾಸು ಹೊರಗೆ ಹೋಗಬಾರದೆಂದು ಮುಚ್ಚಿದ್ದು ನಾನು. ಅದೇ ಮುಚ್ಚಳ ಗಾಳಿ ಒಳಗೆ ಬರದ ಹಾಗೂ ಮಾಡಿತು. ಕರೆಂಟ್ ಹೋದ ಕೂಡಲೇ ಪಂಪಿನ ಪ್ಲಗ್ಗನ್ನೂ ಕಿತ್ತಿಡಬೇಕು. ನೀವು ಮನೆಗೆ ಬಂದ ಮೇಲೆ, ಡಬ್ಬದ ನೀರನ್ನು ಚೆಲ್ಲಿ ಆಮೇಲೆ ಹಾಕಿ.

ಅರುಣ್‌ಕುಮಾರ್


ಅರಕಲಗೂಡು
8-3-2002

ಅರುಣ,

ಮೀನುಗಳೆಲ್ಲ ಸತ್ತಿವೆ. ನಾಲ್ಕು ದಿನದಿಂದ ಹಗಲು ಕರೆಂಟ್ ಇಲ್ಲ. ಗಿಡದ ಎಲೆಗಳು ಗಾಜಿನ ಹಾಗಾಗಿ, ಮುಟ್ಟಿದರೆ ಅಂಬಲಿಯಂತೆ ಕೈಗೆ ಬರುತ್ತಿವೆ. ನೀರಿಗೆ ಕೆಟ್ಟ ವಾಸನೆ. ಅಪ್ಪನಿಗೆ ತೊಂದರೆ ಬೇಡ ಎಂದು ಗ್ಯಾಸ್ ನಿಲ್ಲಿಸುವುದನ್ನು ನಾನೇ ವಹಿಸಿಕೊಂಡಿದ್ದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಮರೆತೆ. ತಪ್ಪು ನನ್ನದು. ಅಪ್ಪನಿಗೆ ಮೀನಿನ ಸುದ್ದಿ ಮಾತ್ರ ಹೇಳಿದ್ದೇನೆ. ಗಿಡಕ್ಕೆ ಔಷಧಿ ಹಾಕಿದೆ, ನೀರಿಗೆ ಕೈಯಿಡಬೇಡಿ ಎಂದಿದ್ದೇನೆ.

ಬೇರುಗಳನ್ನಾದರೂ ಉಳಿಸುವುದು ಹೇಗೆ?

ಹಂಸ


ಹಾಸನ
12-3-2002

ಮಿಸ್,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ.

ನಿಮಗೆ ಹೀಗೆ ಬರೆಯಬಾರದು, ಆದರೂ ಬರೆಯುತ್ತೇನೆ. ಒಂದು ತಿರುಗಣೆ ತಿರುಗಿಸುವುದನ್ನು ನಾಲ್ಕು ದಿನವೂ ಮರೆತಿರಾ? ಹೋಂವರ್ಕ್ ಮರೆತರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ನೀವು. ಒಂಬತ್ತೇ ಗಿಡ ಎಂದು ಬರೆದವರೂ ನೀವೇ. ರಾತ್ರಿಯೆಲ್ಲ ಕೂತು ರೆಕ್ಕೆ ಸೀಳಿದ್ದು ನೆನೆದರೆ ನನಗೆ ಕೋಪ ಬರುತ್ತಿದೆ.

ಬೇರು ಕೀಳಬೇಡಿ. ಈ ಜಾತಿಯ ಗಿಡ ನೀರು ಬದಲಾದರೆ ಎಲೆ ಕರಗಿಸಿಬಿಡುತ್ತದೆ, ಬೇರು ಗಟ್ಟಿಯಿದ್ದರೆ ಮತ್ತೆ ಬರುತ್ತದೆ. ದಿನಾ ಕಾಲು ಭಾಗ ನೀರು ಬದಲಾಯಿಸಿ. ಬಟ್ಟೆ ಒಗೆಯುವ ಮಿಶನ್ನಿನ ನೀರಿನ ವಾಲ್ವು ಒಂದು ಗುಜರಿಯಲ್ಲಿ ಸಿಕ್ಕಿದೆ. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಗ್ಯಾಸಿನ ನಳಿಕೆಗೆ ಕೂರಿಸುತ್ತೇನೆ. ಇನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. 18ಕ್ಕೆ ಬರುತ್ತೇನೆ.

ಅರುಣ್‌ಕುಮಾರ್


ಹಾಸನ
20-3-2002

ಮಿಸ್ ಅವರಿಗೆ,

ಸೋಮವಾರ ನಿಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಬಂದೆ. ನನಗೆ ಅದು ಅಭ್ಯಾಸವಿಲ್ಲ.

ನಾನು ವಾಲ್ವು ಕೂರಿಸುತ್ತಿದ್ದಾಗ ಕರೆಂಟ್ ಹೋಯಿತು. ಅಯ್ನೋರು ಕುರ್ಚಿಯಿಂದ ಎದ್ದರು. “ಕೂತಿರಪ್ಪ, ನನ್ನದೊಂದು ಡ್ಯೂಟಿ ಇದೆ” ಎಂದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಬಗ್ಗಿ, ಅಡುಗೆಯ ಗ್ಯಾಸ್ ಸಿಲಿಂಡರಿನ ತಿರುಗಣೆ ಮುಚ್ಚಿದರು. ಹಾಗೇ ಗೋಡೆ ಹಿಡಿದು ಬಂದು ಕೂತು, “ನೀನು ಬರೆದಿಟ್ಟ ಮೇಲೆ ಒಂದು ದಿನವೂ ತಪ್ಪಿಸಿಲ್ಲ ಕಣಯ್ಯ” ಎಂದರು. ನೀವು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಿರಿ. ಆಗ ನನಗೆ ಅರ್ಥವಾಯಿತು. ಮರೆತೆ ಎಂದು ನೀವು ಬರೆದದ್ದು ಸುಳ್ಳು. ಹೋದ ಕಾಗದದಲ್ಲಿ ನಿಮ್ಮನ್ನು ಬೈದಿದ್ದಕ್ಕೆ ಕ್ಷಮಿಸಿ.

ರಟ್ಟಿನಲ್ಲಿ ನಾನು ಬರೆದಿದ್ದು ಇಷ್ಟೇ: ಕರೆಂಟ್ ಹೋದಾಗ ಗ್ಯಾಸ್ ಆಫ್ ಮಾಡಬೇಕು. ಮನೆಯಲ್ಲಿ ಗ್ಯಾಸ್ ಅಂದರೆ ಯಾವುದು? ಯಾರನ್ನು ಕೇಳಿದರೂ ಅಡುಗೆಮನೆ ತೋರಿಸುತ್ತಾರೆ. ಅಯ್ನೋರು ತಪ್ಪು ಓದಲಿಲ್ಲ. ನಾನು ತಪ್ಪು ಬರೆದೆ.

ಯಾಕೆ ಹಾಗೆ ಬರೆದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅದರ ಪೂರ್ತಿ ಹೆಸರು ಬರೆಯಲು ಪೆನ್ನು ತೆರೆದೆ. ಹತ್ತನೇ ಕ್ಲಾಸಿನ ಕಿರುಪರೀಕ್ಷೆಯಲ್ಲಿ ನಾನು ‘ಇಂಗಳದ ಡಯಕ್ಸಡು’ ಎಂದು ಬರೆದಿದ್ದೆ. ನೀವು ಅದನ್ನು ಕ್ಲಾಸಿಗೆಲ್ಲ ಓದಿ ಹೇಳಿದಿರಿ. ಆಮೇಲೆ ಎಲ್ಲರೂ ನನ್ನನ್ನು ಡಯಕ್ಸಡು ಎಂದೇ ಕರೆದರು. ದೀಪಾವಳಿ ರಜ ಮುಗಿದ ಮೇಲೆ ನಾನು ಸ್ಕೂಲಿಗೆ ಹೋಗಲಿಲ್ಲ. ನಿಮ್ಮ ಕಾಗದದಲ್ಲಿ ಸರಿಯಾದ ಅಕ್ಷರವಿತ್ತು, ನೋಡಿ ಬರೆಯಬಹುದಿತ್ತು. ಆದರೆ ನಿಮ್ಮೆದುರು ಅದನ್ನು ಬರೆಯಲು ಕೈ ಬರಲಿಲ್ಲ. ಚಿಕ್ಕ ಮಾತು ಬರೆದು ಎದ್ದುಬಿಟ್ಟೆ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಇದ್ದದ್ದು ಇದು.

ಅರುಣ್‌ಕುಮಾರ್


ಅರಕಲಗೂಡು
2-4-2002

ಅರುಣ,

ಆ ಪರೀಕ್ಷೆ ನನಗೆ ನೆನಪೇ ಇಲ್ಲ. ಅದೇ ನನಗೆ ಹೆಚ್ಚು ನಾಚಿಕೆ.

ಬೇರುಗಳು ಹೋದವು. ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿದೆ. ಕಪ್ಪಗೆ, ಮೆತ್ತಗೆ. ಒಂಬತ್ತೂ. ನಿನ್ನ ವಾಲ್ವು ಚೆನ್ನಾಗಿ ಕೆಲಸ ಮಾಡುತ್ತಿದೆ. ಖಾಲಿ ತೊಟ್ಟಿಗೆ.

ಅಪ್ಪನಿಗೆ ಹೇಳಲಾರೆ. ಸತ್ತಿತು ಅಂದರೆ ಹೇಗೆ ಸತ್ತಿತು ಎಂದು ಕೇಳುತ್ತಾರೆ. ಅವರು ಕೇಳದೆ ಬಿಡುವವರಲ್ಲ. ನಾನು ಏನು ಹೇಳಿದರೂ ಕೊನೆಗೆ ಅಡುಗೆಮನೆಗೇ ಬಂದು ನಿಲ್ಲುತ್ತದೆ. ತನ್ನ ಕೈಯಿಂದಲೇ ಹೋಯಿತೆಂದು ಗೊತ್ತಾದರೆ ಅವರು ಉಳಿಯುವುದಿಲ್ಲ.

ನಿಮ್ಮ ಅಂಗಡಿಯಲ್ಲಿ ಇದನ್ನೇ ಹೋಲುವ, ಸಿಂಗಾಪುರದಿಂದ ಬರುವ ಗಿಡವಿದೆ ಎಂದು ಮನೆಗೆ ಬಂದಾಗ ಹೇಳಿದ್ದೆಯಲ್ಲ. ಒಂಬತ್ತು ತಂದು ನೆಟ್ಟುಬಿಡು. ಮರುಚಿಗುರಿತು ಎಂದು ಹೇಳೋಣ. ನೀನು ಹೇಳಿದರೆ ಅವರು ನಂಬುತ್ತಾರೆ. ನಿನಗೆ ಸುಳ್ಳು ಬರುವುದಿಲ್ಲ ಎಂದು ಅವರಿಗೆ ಗೊತ್ತು.

ಹಂಸ


ಹಾಸನ
6-4-2002

ಮಿಸ್,

ನನ್ನಿಂದ ಆಗುವುದಿಲ್ಲ. ನನಗೆ ಸುಳ್ಳು ಬರುವುದಿಲ್ಲ ಅಂತಲೇ ನನ್ನಿಂದ ಸುಳ್ಳು ಹೇಳಿಸುವುದೇ?

ನಾನು ಬಂದು ಅವರ ಎದುರು ಕೂತು, ಗಿಡ ಹೋಯಿತು, ಬರೆದ ತಪ್ಪು ನನ್ನದು ಎನ್ನುತ್ತೇನೆ. ಬೈಯಲಿ, ಹೊಡೆಯಲಿ. ನೀವು ಹೂಂ ಅಂದರೆ ನಾಡಿದ್ದೇ ಬರುತ್ತೇನೆ.

ಅರುಣ್‌ಕುಮಾರ್


ಹಾಸನ
29-5-2002

ಮಿಸ್,

ಎರಡು ತಿಂಗಳಾಗುತ್ತಾ ಬಂತು, ನೀವು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೆಂಪಣ್ಣನವರು ಇವತ್ತು ಮಾತಿಗೆ ಮಾತು ಬಂದು, “ನಿಮ್ಮ ಮೇಡಮ್ಮು ಬಂದಿದ್ರು ಕಣ್ಲಾ, ನೀನು ಬೈರಯ್ಯನತ್ರ ಓಗಿದ್ದಾಗ. ಒಂಬತ್ತು ಗಿಡ ಕೊಡಿ, ಉಡುಗನಿಗೆ ಏಳ್ಬ್ಯಾಡಿ ಅಂದ್ರು. ನಾನೇನು ಏಳ್ಲಿಲ್ಲ, ನೋಡು” ಎಂದರು.

ಅಯ್ನೋರು ಮುಟ್ಟಿ ನೋಡಿದರೇ? ಏನಂದರು?

ಅರುಣ್‌ಕುಮಾರ್


ಅರಕಲಗೂಡು
12-6-2002

ಅರುಣ,

ಮುಟ್ಟಿ ನೋಡಿದರು. “ಕಾಯಿಲೆ ಬಿದ್ದೆದ್ದ ಮೇಲೆ ಮೈ ಸ್ವಲ್ಪ ನುಣುಪಾಗಿದೆ” ಎಂದರು. ಅಂದಿನಿಂದ ಎರಡು ಹೊತ್ತು ಊಟ ಮಾಡುತ್ತಿದ್ದಾರೆ.

ಆಮೇಲೆ ಆಗಬಾರದ್ದು ಆಯಿತು. ಸಮಿತಿಯವರು ಒಪ್ಪಿಬಿಟ್ಟರು. ಕೊಳದ ಈಶಾನ್ಯದ ಮೂಲೆಯಲ್ಲಿ ಮೂರಡಿ ಸಿಮೆಂಟು ಒಡೆಸಿ ಮಣ್ಣು ತುಂಬಿದ್ದಾರೆ. 24ನೇ ತಾರೀಖು ಸೋಮವಾರ ಅಪ್ಪನೇ ತಮ್ಮ ಕೈಯಿಂದ ಗಿಡ ನೆಡುವುದೆಂದು ಗೊತ್ತಾಗಿದೆ. ಎಲ್ಲರನ್ನೂ ಕರೆದಿದ್ದಾರೆ. ಅಪ್ಪ ನಿನ್ನನ್ನೂ ಕರೆಯಲು ಹೇಳಿದರು. ನೀನು ಬರಬೇಡ. ನಿನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ದಯವಿಟ್ಟು ಬರಬೇಡ.

ಹಂಸ


ಹಾಸನ
15-6-2002

ಪೂಜ್ಯ ಅಯ್ನೋರಾದ ಚಲುವನಾರಾಯಣ ಅಯ್ಯಂಗಾರ್ಯರಿಗೆ, ಅರುಣ್‌ಕುಮಾರ್ ಕಾಲು ಮುಟ್ಟಿ ಬರೆಯುವುದು.

ಈ ಕಾಗದವನ್ನು ಹಂಸ ಮಿಸ್ ನಿಮಗೆ ಓದಿ ಹೇಳಬೇಕು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರು ಓದದೆ ಹರಿದುಹಾಕಿದರೆ ನಾನು ಕೇಳುವುದಿಲ್ಲ.

ನಿಮ್ಮ ತೊಟ್ಟಿಯಲ್ಲಿರುವುದು ಮೆಟ್ಟಿಲ ಗಿಡವಲ್ಲ, ನಮ್ಮ ಅಂಗಡಿಯದು. ನಿಮ್ಮ ಒಂಬತ್ತೂ ಗಿಡ ಮಾರ್ಚಿ ತಿಂಗಳಲ್ಲೇ ಹೋದವು. ಕರೆಂಟ್ ಹೋದಾಗ ಮುಚ್ಚಬೇಕಾಗಿದ್ದ ಗ್ಯಾಸು ತೊಟ್ಟಿಯ ಪಕ್ಕದ ಸಣ್ಣ ಸಿಲಿಂಡರಿನದು. ರಟ್ಟಿನಲ್ಲಿ ನಾನು ಅದನ್ನು ಬಿಡಿಸಿ ಬರೆಯಲಿಲ್ಲ. ನೀವು ಓದಿದ ಹಾಗೇ ಮಾಡಿದಿರಿ. ಡಬ್ಬದ ಫಿಲ್ಟರು ಕರೆಂಟ್ ಇಲ್ಲದಾಗ ವಿಷವಾಗುತ್ತದೆಂದು ತಿಳಿಯದೆ ಕೂರಿಸಿದ್ದೂ ನಾನೇ. ಎರಡು ತಪ್ಪೂ ನನ್ನವು. ಮಿಸ್ ಮುಚ್ಚಿಟ್ಟಿದ್ದು ನಿಮಗಾಗಿ.

ನೀವು ನಲವತ್ತು ವರ್ಷ ಕೈಯಲ್ಲಿ ಸರಿಸಿದ ಗಿಡದ ಜಾಗದಲ್ಲಿ ಬೇರೆಯದನ್ನು ನಿಮ್ಮ ಕೈಯಿಂದಲೇ ನೆಡಿಸಿ, ಅದೇ ಇದು ಎಂದು ಊರೆಲ್ಲ ನಂಬುವುದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗಲಿಲ್ಲ.

ಅರುಣ್‌ಕುಮಾರ್


ಅರಕಲಗೂಡು
1-7-2002

ಅರುಣ,

ನಿನ್ನ ಕಾಗದವನ್ನು ಮೂರು ದಿನ ಸೀರೆಗಳ ಕೆಳಗೆ ಇಟ್ಟಿದ್ದೆ. ಆಮೇಲೆ ಓದಿದೆ, ಒಂದು ಅಕ್ಷರವನ್ನೂ ಬಿಡದೆ.

ಅಪ್ಪ ಕೇಳಿದ್ದು ಒಂದೇ. “ಹಾಗಾದ್ರೆ ಅವನು ಬರೆದಿದ್ದು ಅಡುಗೆ ಗ್ಯಾಸ್ ಅಲ್ವೇನಮ್ಮಾ?” ಅಲ್ಲ ಅಪ್ಪ, ಎಂದೆ. ತಪ್ಪು ನಿನ್ನದು ಎಂದು ನೀನು ಬರೆದ ಸಾಲನ್ನು ಎರಡು ಸಲ ಓದಿದೆ. ಅದು ಅವರ ಕಿವಿಗೆ ಬೀಳಲಿಲ್ಲ.

24ಕ್ಕೆ ಹೋಗುವುದು ಬೇಡ, ಜ್ವರ ಎಂದು ಹೇಳಿಕಳಿಸುತ್ತೇನೆ ಎಂದೆ. ಕೇಳಲಿಲ್ಲ, ಮಡಿಯುಟ್ಟು ಹೊರಟರು. ಶಾಮಿಯಾನ ಹಾಕಿದ್ದರು, ಹಾರ ತಂದಿದ್ದರು. ಅಪ್ಪ ಎಲ್ಲರ ಎದುರು, “ಗಿಡ ಇಲ್ಲ. ನನ್ನ ಕೈಯಿಂದಲೇ ಹೋಯ್ತು. ಈ ಜಾಗ ಮುಚ್ಚಿಬಿಡಿ” ಎಂದರು. ಆಮೇಲೆ ಸಮಿತಿಯವರೊಬ್ಬರು, “ಮೊದಲೇ ಹೇಳಿದ್ರೆ ಒಡೆಸೋ ಕೆಲಸ ಉಳೀತಿತ್ತಲ್ಲ ಸ್ವಾಮಿ” ಎಂದರು. ಗಾರೆಯವನು ಹೊರಗೋಡೆಗೆಂದು ಸಿಮೆಂಟು ಕಲಸಿಟ್ಟಿದ್ದ. ಅದನ್ನೇ ತಂದು ಸುರಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದು ಸಮತಟ್ಟಾಗುವವರೆಗೂ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದರು.

ಈಗ ಹಾಸಿಗೆಯಿಂದ ಏಳುವುದು ಕಡಿಮೆ. ಒಲೆ ಹಚ್ಚುವ ಸದ್ದು ಕೇಳಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾರೆ.

ಫಿಲ್ಟರು, ವಾಲ್ವು, ಸಿಲಿಂಡರು, ಒಂಬತ್ತು ಗಿಡ ಎಲ್ಲವನ್ನೂ ನಾಳೆಯ ಬಸ್ಸಿನಲ್ಲಿ ಕಳಿಸುತ್ತೇನೆ. ಗಿಡ ಚೆನ್ನಾಗಿವೆ, ನಿಮ್ಮ ಮಾಲೀಕರು ಮಾರಿಕೊಳ್ಳಲಿ.

ನೀನು ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಇದ್ದಿದ್ದರೆ ನಿನ್ನ ಮೇಲೆ ಕೋಪವಾದರೂ ಮಾಡಿಕೊಳ್ಳುತ್ತಿದ್ದೆ. ಇನ್ನು ಈ ಮನೆಗೆ ಕಾಗದ ಬರೆಯಬೇಡ. ಬರೆದರೆ ನಾನೇ ಓದಿ ಹೇಳಬೇಕಾಗುತ್ತದೆ.

ಹಂಸ